ಮೆಕ್ಕೆಜೋಳ ನಮ್ಮದು, ಕೋಳಿ ಮಾತ್ರ ನಾಮಕ್ಕಲ್‌ದು ಯಾಕೆ?

ಸುಗ್ಗಿಯ ಹೊತ್ತಿಗೆ ನಮ್ಮ ಎಪಿಎಂಸಿ ಯಾರ್ಡ್ ಸುತ್ತ ನಿಲ್ಲೋ ಲಾರಿಗಳ ನಂಬರ್ ಪ್ಲೇಟ್ ಒಮ್ಮೆ ನೋಡ್ಕೊಂಡು ಬನ್ನಿ. ಟಿಎನ್-28 ಅಂತ ಇರೋವು ಸಿಗ್ತಾವೆ. ಅದು ನಾಮಕ್ಕಲ್ ನಂಬರ್. ನಮ್ಮ ಹೊಲದಲ್ಲಿ ಬೋರ್ ಕೊರೆಯೋಕೆ ಬರ್ತಾವಲ್ಲ ತಮಿಳುನಾಡಿನ ರಿಗ್ ಲಾರಿಗಳು, ಅವುಗಳಲ್ಲಿ ಹೆಚ್ಚಿನವು ತಿರುಚೆಂಗೋಡಿನವು. ಆ ಊರೂ ಅದೇ ಜಿಲ್ಲೆ. ಅಂದ್ರೆ ನಮ್ಮ ನೆಲ ತೂತು ಮಾಡೋರೂ ಅವರೇ, ನೆಲದ ಮೇಲೆ ಬೆಳೆದದ್ದು ಒಯ್ಯೋರೂ ಅವರೇ. ತಮಾಷೆಗೆ ಹೇಳಿದೆ, ಬೇಜಾರಿಂದಲ್ಲ. ಆ ಜನರ ದುಡಿಮೆ ಕಂಡ್ರೆ ನನಗೆ ಗೌರವ.

ಈ ವರ್ಷ ನಮ್ಮ ಹೋಬಳಿಯಲ್ಲಿ ನಾಲ್ಕೈದು ಜನ ಕೋಳಿ ಶೆಡ್ ಕಟ್ಟಬೇಕು ಅಂತ ಓಡಾಡ್ತಿದ್ದಾರೆ. "ಅಣ್ಣಾ, ಮೆಕ್ಕೆಜೋಳಕ್ಕೆ ರೇಟಿಲ್ಲ, ಕಂಪನಿಯವ್ರು ಮರಿ ಕೊಡ್ತಾರೆ, ಫೀಡು ಕೊಡ್ತಾರೆ, ನಾವು ಸಾಕಿ ಕೊಟ್ರೆ ಆತು, ಏನಂತೀರಿ?" ಅಂತ ಕೇಳ್ತಾರೆ. ಫೋನಲ್ಲಿ ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ. ಯಾಕಂದ್ರೆ ಶೆಡ್ ಕಟ್ಟೋದು ಬಿಡೋದು ಆಮೇಲಿನ ಮಾತು. ದಕ್ಷಿಣ ಭಾರತದ ಕೋಳಿ ಎಲ್ಲೆಲ್ಲಿ ಸೇರ್ಕೊಂತು, ಯಾಕೆ ಅಲ್ಲೇ ಸೇರ್ಕೊಂತು ಅನ್ನೋದು ಮೊದಲು ಗೊತ್ತಿರಬೇಕು ಅಂತ ನನ್ನ ಅಭಿಪ್ರಾಯ.

ಮೊದಲು ಒಂದಿಷ್ಟು ಲೆಕ್ಕ. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಸುಮಾರು 85 ಕೋಟಿ ಕೋಳಿ. ತಮಿಳುನಾಡಲ್ಲಿ 12 ಕೋಟಿ, ಆಂಧ್ರದಲ್ಲಿ 10.8 ಕೋಟಿ, ತೆಲಂಗಾಣದಲ್ಲಿ 8 ಕೋಟಿ. ಕರ್ನಾಟಕದಲ್ಲಿ 6 ಕೋಟಿಗೆ ಸ್ವಲ್ಪ ಕಡಿಮೆ. ಮೊಟ್ಟೆ ಲೆಕ್ಕಕ್ಕೆ ಬಂದ್ರೆ ಅಂತರ ಇನ್ನೂ ಜಾಸ್ತಿ. 2022-23ರಲ್ಲಿ ದೇಶದ ಒಟ್ಟು ಮೊಟ್ಟೆಯಲ್ಲಿ ಆಂಧ್ರದ್ದು ನೂರಕ್ಕೆ 20, ತಮಿಳುನಾಡಿಂದು 15.6, ತೆಲಂಗಾಣದ್ದು 12.8, ನಮ್ಮದು ಬರೀ 6.5. ಆದರೆ ಮೆಕ್ಕೆಜೋಳ ಬೆಳೆಯೋದರಲ್ಲಿ ನಾವು ದೇಶದ ಮೊದಲ ಸಾಲಿನಲ್ಲಿದೀವಿ. ದಾವಣಗೆರೆ, ಹಾವೇರಿ ಅಂದ್ರೆ ಕೋಳಿ ಸಾಕೋರಿಗೆ ಕಣಜ ಇದ್ದಂಗೆ. (ಹೊಳೆ ಆಚೆ ರಾಣೆಬೆನ್ನೂರಿನವರು ಗೋವಿನಜೋಳ ಅಂತಾರೆ. ನಾನು ಇಲ್ಲಿ ಮೆಕ್ಕೆಜೋಳ ಅಂತಲೇ ಬರೀತೀನಿ, ಬೀಗರು ಕ್ಷಮಿಸಬೇಕು.)

ಕೋಳಿ ಸಾಕೋ ಖರ್ಚಲ್ಲಿ ದೊಡ್ಡ ಪಾಲು ಮೇವಿಂದು. ಆ ಮೇವಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ. ಮೊಟ್ಟೆ ಕೋಳಿ ದಿನಕ್ಕೆ ಹೆಚ್ಚುಕಮ್ಮಿ 110 ಗ್ರಾಂ ತಿನ್ನುತ್ತೆ, ವರ್ಷಕ್ಕೆ 40 ಕಿಲೋ. ಇಡೋದು 300 ಮೊಟ್ಟೆ ಅಂದ್ರೂ ತೂಕ 16-17 ಕಿಲೋ ಆಯ್ತು. ಅಂದ್ರೆ ಒಂದು ಕಿಲೋ ಮೊಟ್ಟೆಗೆ ಎರಡೂಕಾಲು ಎರಡೂವರೆ ಕಿಲೋ ಮೇವು. ಸಾಮಾನ್ಯ ಬುದ್ಧಿ ಏನು ಹೇಳುತ್ತೆ? ಭಾರ ಇರೋದನ್ನ ಯಾಕೆ ಹೊರ್ತೀರಿ, ಮೆಕ್ಕೆಜೋಳ ಇದ್ದಲ್ಲೇ ಕೋಳಿ ಸಾಕಿ, ಮೊಟ್ಟೆ ಕಳಿಸಿ ಅನ್ನುತ್ತೆ. ಆ ಲೆಕ್ಕದಲ್ಲಿ ಮೊಟ್ಟೆಯ ರಾಜಧಾನಿ ದಾವಣಗೆರೆ ಆಗಬೇಕಿತ್ತು. ಆಗಲಿಲ್ಲ.

ಯಾಕೆ ಅಂತ ತಿಳಿಯೋಕೆ ಹಿಂದಕ್ಕೆ ಹೋಗಬೇಕು.

ನಮ್ಮ ಅಜ್ಜಿ ಕಾಲದ ಕೋಳಿ ನಿಮಗೂ ಗೊತ್ತು. ಹಿತ್ತಲಲ್ಲಿ ಹತ್ತು, ತಿಪ್ಪೆ ಕೆದರಿ ಹೊಟ್ಟೆ ತುಂಬಿಸ್ಕೊಳ್ಳೋವು, ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ. ಕೊಕ್ಕರೆ ರೋಗ ಬಂತು ಅಂದ್ರೆ ಒಂದೇ ವಾರದಲ್ಲಿ ಗೂಡು ಖಾಲಿ. ಆ ಮೊಟ್ಟೆ ದುಡ್ಡು ಹೆಂಗಸರದ್ದು, ಗಂಡಸರು ಲೆಕ್ಕ ಕೇಳ್ತಿರಲಿಲ್ಲ. ಕೋಳಿ ಯಾವಾಗ ಲೆಕ್ಕದ ವಸ್ತು ಆಯ್ತೋ ಆವಾಗಿಂದ ಅದು ಗಂಡಸರ ಕೈಗೆ ಬಂತು. ಇದನ್ನ ಯಾರೂ ಬರೆಯಲ್ಲ, ನಾನು ಬರೆದಿಡ್ತೀನಿ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಹೊರದೇಶದ ತಳಿ ತರಿಸಿ ದೊಡ್ಡ ಫಾರಂಗಳನ್ನ ಮಾಡ್ತು. ಅದರಲ್ಲಿ ಒಂದು ನಮ್ಮ ಬೆಂಗಳೂರು ಪಕ್ಕದ ಹೆಸರಘಟ್ಟದಲ್ಲಿ ಇವತ್ತಿಗೂ ಇದೆ, ತರಬೇತಿಯನ್ನೂ ಕೊಡ್ತಾರೆ. ಆಮೇಲೆ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನವರು ಗಿರಿರಾಜ ತಳಿ ಮಾಡಿದ್ರು, ಅದಾದ ಮೇಲೆ ಸ್ವರ್ಣಧಾರ. ನಮ್ಮ ಕಡೆ ಹಿತ್ತಲಲ್ಲಿ ಗಿರಿರಾಜ ಸಾಕದೇ ಇರೋ ಮನೆ ಕಡಿಮೆ. ಅಂದ್ರೆ ವಿದ್ಯೆ ವಿಷಯದಲ್ಲಿ ಕರ್ನಾಟಕ ಹಿಂದೆ ಇರಲಿಲ್ಲ. ಕೋಳಿಯ ಶಾಲೆ ಇಲ್ಲಿತ್ತು, ಮೇವು ಇಲ್ಲಿತ್ತು. ವ್ಯಾಪಾರ ಬೇರೆ ಕಡೆ ಬೆಳೀತು.

ವ್ಯಾಪಾರ ಬೆಳೆದದ್ದು 1970ರ ನಂತರ. ಡಾ. ಬಿ.ವಿ. ರಾವ್ ಅನ್ನೋರು 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರು ಮಾಡಿದ್ರು. ಹೊರದೇಶದ ಕಂಪನಿಗಳ ಜೊತೆ ಸೇರಿ ಒಳ್ಳೆ ಮೊಟ್ಟೆ ತಳಿ, ಮಾಂಸದ ತಳಿ ಇಲ್ಲೇ ಸಿಗೋ ಹಂಗೆ ಮಾಡಿದ್ರು. ಪಂಜರದ ಕೋಳಿ 60 ಮೊಟ್ಟೆಯಿಂದ 300ಕ್ಕೆ ಹೋಯ್ತು. ಆದರೆ ಮೊಟ್ಟೆ ಜಾಸ್ತಿ ಆದ ಕೂಡಲೇ ನಮ್ಮ ಈರುಳ್ಳಿ ಕಥೆಯೇ ಅಲ್ಲೂ ಆಯ್ತು. ಮೊಟ್ಟೆ ಮೂರು ದಿನ ಇಟ್ಕೊಂಡು ಕೂರೋ ಸರಕಲ್ಲ. ರೈತನ ಹತ್ರ ಕೋಲ್ಡ್ ಸ್ಟೋರೇಜ್ ಇರಲಿಲ್ಲ, ನಗರದ ವ್ಯಾಪಾರಿ ಹೇಳಿದ್ದೇ ರೇಟು. 1980ರ ಆಚೀಚೆ ಉತ್ಪಾದನಾ ಖರ್ಚಿಗಿಂತ ಕೆಳಗೆ ಮಾರಿ ಎಷ್ಟೋ ಫಾರಂ ಮುಚ್ಚಿದವು. ಆಗ ರಾವ್ ಅವರು ಊರೂರು ತಿರುಗಿ ರೈತರ ಸಭೆ ಮಾಡಿದ್ರು. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ತು. ನಾವು ಪೇಪರಲ್ಲಿ, ಮೊಬೈಲಲ್ಲಿ ನೋಡೋ ಎನ್‌ಇಸಿಸಿ ರೇಟು ಅಂದ್ರೆ ಅವರದ್ದೇ. ನನ್ನ ಮೊಟ್ಟೆ, ನನ್ನ ಬೆಲೆ, ನನ್ನ ಬದುಕು ಅನ್ನೋದು ಅವರ ಘೋಷಣೆ.

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಸರ್ಕಾರ ಮಾಡಿದ ಬೆಂಬಲ ಬೆಲೆ ಅಲ್ಲ ಅದು. ಸಾಕೋರೇ ಸೇರಿ, ಇವತ್ತು ಈ ವಲಯದಲ್ಲಿ ಇಂತಿಷ್ಟು ಅಂತ ತಾವೇ ಹೇಳೋದು. ನಾಮಕ್ಕಲ್, ಹೈದರಾಬಾದ್, ವಿಜಯವಾಡ, ಹರಿಯಾಣದ ಬರವಾಲಾ ಹಿಂಗೆ ವಲಯ ಮಾಡ್ಕೊಂಡ್ರು. ನಮ್ಮ ರಾಜ್ಯದಲ್ಲಿ ಮೈಸೂರು, ಹೊಸಪೇಟೆ ರೇಟು ಬರುತ್ತೆ. ನಮಗೆ ಹತ್ತಿರದ್ದು ಹೊಸಪೇಟೆ. ಎಲ್ಲಾ ಸರಿಯಿದೆ ಅಂತಲ್ಲ. ಸಮಿತಿ ಹೇಳಿದ ರೇಟಿಗಿಂತ ಇಷ್ಟು ಪೈಸೆ ಮೈನಸ್ ಅಂತ ವ್ಯಾಪಾರಿಗಳು ಕಡಿಮೆಗೇ ಎತ್ತೋದು ನಾಮಕ್ಕಲ್‌ನಲ್ಲಿ ಹಳೇ ಜಗಳ. ಆದರೂ ಜಗಳ ಆಡೋಕೆ ಒಂದು ರೇಟಾದ್ರೂ ಅವರ ಕೈಯಲ್ಲಿದೆ. ಮೆಕ್ಕೆಜೋಳದವರಾದ ನಮಗೆ ಅದೂ ಇಲ್ಲ. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ಮುಂಗಾರಿನ ಮಾಲು ಯಾರ್ಡಿಗೆ ಬಂದಾಗ ಎಷ್ಟಕ್ಕೆ ಹೋಯ್ತು ಅಂತ ನಿಮಗೆ ನಾನು ಹೇಳಬೇಕಾ?

ಈಗ ನಾಮಕ್ಕಲ್‌ಗೆ ಬರೋಣ. ಅದು ನೀರಾವರಿ ಸೀಮೆ ಅಲ್ಲ. ಕಾವೇರಿ ಪಕ್ಕದ ಒಂದಿಷ್ಟು ಬಿಟ್ರೆ ಒಣ ಬಯಲು, ಕಲ್ಲು ಗುಡ್ಡ, ಆಳದ ಬಾವಿ. ಹೊಲ ನಂಬಿ ಬದುಕೋಕೆ ಆಗಲ್ಲ ಅಂತ ಅಲ್ಲಿ ರೈತರು ಲಾರಿ ಕಟ್ಟೋಕೆ, ಲಾರಿ ಓಡಿಸೋಕೆ ಇಳಿದ್ರು. ಲಾರಿಗೆ ಬಾಡಿ ಕಟ್ಟೋದರಲ್ಲಿ ಆ ಊರು ಹೆಸರು ಮಾಡ್ತು. ಲಾರಿ ದುಡ್ಡು ಕೋಳಿ ಫಾರಂಗೆ ಬಂತು, ಕೋಳಿ ದುಡ್ಡು ಲಾರಿಗೆ ಹೋಯ್ತು. ಲಾರಿ ಮನೆಯಲ್ಲೇ ಇದ್ದವರಿಗೆ ದಾವಣಗೆರೆ ಮೆಕ್ಕೆಜೋಳ ದೂರ ಅನಿಸಲಿಲ್ಲ. ಹೋಗುವಾಗ ಬೇರೆ ಸರಕು, ಬರುವಾಗ ಖಾಲಿ ಬರೋ ಬದಲು ಮೆಕ್ಕೆಜೋಳ. ಖಾಲಿ ಬರೋ ಲಾರಿಗೆ ಸಿಕ್ಕ ಬಾಡಿಗೆಯೇ ಲಾಭ. ನಾನು ಮೇಲೆ ಹೇಳಿದ ಭಾರದ ಲೆಕ್ಕ ಇಲ್ಲೇ ತಲೆಕೆಳಗಾದದ್ದು.

ಇನ್ನೊಂದು ಸಂಗತಿ ಇದೆ. ಮೆಕ್ಕೆಜೋಳ ಒಣಗಿಸಿ ಚೀಲ ತುಂಬಿದ್ರೆ ತಿಂಗಳುಗಟ್ಟಲೆ ಇರುತ್ತೆ, ಎಸೆದ್ರೂ ಒಡೆಯಲ್ಲ. ಮೊಟ್ಟೆ ಹಂಗಲ್ಲ. 30ರ ಟ್ರೇ, 7 ಟ್ರೇ ಸೇರಿ 210ರ ಬಾಕ್ಸು, ಗುಂಡಿ ರಸ್ತೆಯಲ್ಲಿ ಇನ್ನೂರು ಮೈಲಿ ಹೋದ್ರೆ ಒಡೆದದ್ದು ಎಷ್ಟೋ. ಜೀವಂತ ಬ್ರಾಯ್ಲರ್ ಇನ್ನೂ ಕಷ್ಟ. ದಾರಿಯಲ್ಲಿ ತೂಕ ಇಳಿಯುತ್ತೆ, ಬಿಸಿಲಿಗೆ ಸಾಯ್ತವೆ. ಹಂಗಾಗಿ ಕೋಳಿ ತಿನ್ನೋರ ಹತ್ರ ಇರಬೇಕು, ಮೇವು ದೂರದಿಂದ ಬಂದ್ರೂ ನಡೀತದೆ. ನಾಮಕ್ಕಲ್‌ಗೆ ಕೇರಳ ಪಕ್ಕದಲ್ಲೇ. ಕೇರಳದವರು ತಿನ್ನೋದು ಜಾಸ್ತಿ, ಸಾಕೋದು ಕಡಿಮೆ.

ಆಮೇಲೆ ಶಾಲೆ. 1982ರಲ್ಲೇ ಎಂ.ಜಿ.ಆರ್. ತಮಿಳುನಾಡಲ್ಲಿ ಮಧ್ಯಾಹ್ನದ ಊಟ ದೊಡ್ಡದಾಗಿ ಶುರು ಮಾಡಿದ್ರು. 1989ರಲ್ಲಿ ಕರುಣಾನಿಧಿ ಸರ್ಕಾರ ಅದಕ್ಕೆ ಮೊಟ್ಟೆ ಸೇರಿಸ್ತು. ಮೊದಲು ಹದಿನೈದು ದಿನಕ್ಕೊಂದು, ಹೆಚ್ಚಾಗುತ್ತಾ 2010ಕ್ಕೆ ವಾರಕ್ಕೆ ಐದು. ಮಾರುಕಟ್ಟೆ ಬಿದ್ರೂ ಎದ್ರೂ ಖಾತ್ರಿಯಾಗಿ ಎತ್ತೋ ಒಬ್ಬ ಗಿರಾಕಿ ಮನೆ ಬಾಗಿಲಲ್ಲಿ ಇದ್ದಂಗೆ ಆಯ್ತು. ನಮ್ಮಲ್ಲಿ ಶಾಲೆಗೆ ಮೊಟ್ಟೆ ಬಂದದ್ದು 2021ರ ಡಿಸೆಂಬರ್‌ನಲ್ಲಿ, ಅದೂ ಕಲ್ಯಾಣ ಕರ್ನಾಟಕದ ಜಿಲ್ಲೆಗಳು, ವಿಜಯಪುರ ಇಷ್ಟರಲ್ಲೇ. ಆಮೇಲೆ ರಾಜ್ಯಕ್ಕೆಲ್ಲ ಹರಡಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಹಾಕಿದ ಮೇಲೆ ವಾರದ ಆರು ದಿನ ಆಯ್ತು. ಮೊಟ್ಟೆ ಬೇಕಾ ಬೇಡವಾ ಅನ್ನೋ ವಾದ ನಮ್ಮಲ್ಲಿ ಎಷ್ಟು ವರ್ಷ ನಡೀತು ನೋಡಿದೀರಿ. ಮಕ್ಕಳ ಹೊಟ್ಟೆ ವಿಷಯ ಒಂದು ಕಡೆ, ಕೋಳಿ ಸಾಕೋರ ಕಡೆಯಿಂದ ನೋಡಿದ್ರೆ ಅದು ಮೂವತ್ತು ವರ್ಷ ಕಳೆದುಕೊಂಡ ಮಾರುಕಟ್ಟೆ.

1985ರಲ್ಲಿ ನಾಮಕ್ಕಲ್‌ಗೆ ಪಶುವೈದ್ಯಕೀಯ ಕಾಲೇಜೂ ಬಂತು. ಕೋಳಿ ಸತ್ರೆ ಬೆಳಿಗ್ಗೆ ತಗೊಂಡು ಹೋಗಿ ಕೊಯ್ದು ನೋಡ್ಸಿ ಸಂಜೆಗೆ ಔಷಧಿ ಹಾಕಬಹುದು. ಒಂದು ಸಲ ಕೋಳಿ, ಲಾರಿ, ಡಾಕ್ಟರು, ಪಂಜರ ಮಾಡೋನು, ಟ್ರೇ ಮಾಡೋನು, ಸಾಲ ಕೊಡೋ ಬ್ಯಾಂಕು ಎಲ್ಲಾ ಒಂದೇ ಕಡೆ ಸೇರಿದ್ರೆ ಹೊಸಬನೂ ಅಲ್ಲೇ ಬಂದು ಕಟ್ತಾನೆ. ಆಂಧ್ರದ ಕಥೆಯ ವಿವರ ಬೇರೆ. ಗೋದಾವರಿ ಸೀಮೆಯಲ್ಲಿ ಮೇವಿಗೆ ಅಕ್ಕಿ ನುಚ್ಚು ಸಿಗ್ತಿತ್ತು, ಮೊಟ್ಟೆ ಪೂರ್ವಕ್ಕೆ ಒಡಿಶಾ, ಬಂಗಾಳ, ಅಸ್ಸಾಂ ಕಡೆ ಹೋಗುತ್ತೆ. ಆದರೆ ತಿರುಳು ಇದೇ.

ನಾವು ಆಗ ಏನ್ಮಾಡ್ತಿದ್ವಿ? ಹತ್ತಿ ಬೆಳೀತಿದ್ವಿ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಮಿಲ್ಲುಗಳು ಒಂದೊಂದೇ ಮುಚ್ಚಿದವು, ಹತ್ತಿಗೆ ಹುಳ ಜಾಸ್ತಿ ಆಯ್ತು, ಖರ್ಚು ಏರ್ತು. ಹೈಬ್ರಿಡ್ ಮೆಕ್ಕೆಜೋಳ ಬಂತು. ನೂರಾ ಹತ್ತು, ನೂರಾ ಇಪ್ಪತ್ತು ದಿನಕ್ಕೆ ಕೈಗೆ ಬರುತ್ತೆ, ಹತ್ತಿಯಷ್ಟು ಔಷಧಿ ಬೇಡ. ಕೊಳ್ಳೋಕೆ ತಮಿಳುನಾಡಿನ ಲಾರಿ ಸಿದ್ಧ. ಅವರ ಕೋಳಿ ಬೆಳೆದಷ್ಟೂ ನಮ್ಮ ಮೆಕ್ಕೆಜೋಳ ಹಬ್ಬಿತು. ಬಿಳಿಜೋಳ, ರಾಗಿ, ಶೇಂಗಾ ಹಿಂದೆ ಸರಿದವು. ನಮ್ಮ ಬೆಳೆ ಪದ್ಧತಿ ಬದಲಾಯಿಸಿದ್ದು ಕೃಷಿ ಇಲಾಖೆ ಅಂತ ನಾವು ತಿಳ್ಕೊಂಡಿದೀವಿ. ನನ್ನ ಲೆಕ್ಕದಲ್ಲಿ ಅರ್ಧ ಬದಲಾಯಿಸಿದ್ದು ನಾಮಕ್ಕಲ್, ಪಲ್ಲಡಂನ ಕೋಳಿ.

ಪಲ್ಲಡಂ ಅಂದೆ. ಅದು ಮಾಂಸದ ಕೋಳಿಯ ಊರು, ಕೊಯಮತ್ತೂರು ಪಕ್ಕ. ಅದೂ ಒಣ ಸೀಮೆಯೇ. ಉಡುಮಲಪೇಟೆಯಲ್ಲಿ 1984ರಲ್ಲಿ ಇಬ್ಬರು ಅಣ್ಣತಮ್ಮಂದಿರು ಶುರು ಮಾಡಿದ ಸುಗುಣ ಕಂಪನಿ, 1990ರ ಆಸುಪಾಸಿಂದ ಒಂದು ಹೊಸ ದಾರಿ ತೆಗೀತು. ರೈತ ಶೆಡ್ ಹಾಕ್ತಾನೆ, ನೀರು, ಕರೆಂಟು, ಹೊಟ್ಟು, ದುಡಿಮೆ ಅವನದ್ದು. ಮರಿ, ಫೀಡು, ಔಷಧಿ ಕಂಪನಿಯದ್ದು. ನಲವತ್ತು ದಿನದ ಆಚೀಚೆ ಕೋಳಿ ಎತ್ಕೊಂಡು ಹೋಗಿ ಕಿಲೋಗೆ ಇಷ್ಟು ಅಂತ ಸಾಕಾಣಿಕೆ ಕೂಲಿ ಕೊಡ್ತಾರೆ. ರೇಟು ಬಿದ್ರೆ ನಷ್ಟ ಕಂಪನಿಗೆ. ಸಾಲ ಮಾಡಿ ಮರಿ, ಫೀಡು ತಂದು ಮುಳುಗಿದ್ದ ರೈತರಿಗೆ ಅದು ನಿಜಕ್ಕೂ ಉಸಿರು ಬಿಟ್ಟಂಗೆ ಆಯ್ತು, ಇದನ್ನ ಒಪ್ಪಲೇಬೇಕು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಪದ್ಧತಿ ಆಂಧ್ರಕ್ಕೆ, ನಮ್ಮ ಕೋಲಾರ, ತುಮಕೂರು, ಚಿತ್ರದುರ್ಗ, ದಾವಣಗೆರೆಗೆ ಬಂತು. ಅಂದ್ರೆ ಕೊನೆಗೂ ಕೋಳಿ ನಮ್ಮ ಮೆಕ್ಕೆಜೋಳದ ಹತ್ರ ಬಂತು. ಆದರೆ ಬರುವಾಗ ಅದು ಬೇರೆಯವರ ಕೋಳಿಯಾಗಿತ್ತು.

ಈ ವ್ಯತ್ಯಾಸವೇ ಮುಖ್ಯ. ನಾಮಕ್ಕಲ್ ರೈತನ ಫಾರಂನಲ್ಲಿ ಕೋಳಿ ಅವನದ್ದು, ನಷ್ಟವೂ ಅವನದ್ದು, ರೇಟು ಏರಿದ್ರೆ ಲಾಭವೂ ಅವನದ್ದು. ನಮ್ಮ ಹೋಬಳಿಯ ಕಾಂಟ್ರಾಕ್ಟ್ ಶೆಡ್‌ನಲ್ಲಿ ಕೋಳಿ ನಿನ್ನದಲ್ಲ. ಶೆಡ್ ಮಾತ್ರ ನಿನ್ನದು, ಶೆಡ್ಡಿನ ಸಾಲ ನಿನ್ನದು.

ಒಂದು ಲೆಕ್ಕ ಹಾಕಿ ತೋರಿಸ್ತೀನಿ. ನನ್ನ ಅಂದಾಜು ಅಷ್ಟೇ, ನಿಮ್ಮ ರೇಟು ಹಾಕಿ ನೀವೇ ನೋಡಿ. 5,000 ಕೋಳಿಯ ಶೆಡ್ಡಿಗೆ ಆರು ಸಾವಿರ ಚದರಡಿ ಬೇಕು. ಚದರಡಿಗೆ 250 ಹಿಡಿದ್ರೆ 15 ಲಕ್ಷ. ಕೈಯಿಂದ 3 ಹಾಕಿ 12 ಲಕ್ಷ ಬ್ಯಾಂಕ್ ಸಾಲ ಮಾಡಿದ್ರೆ, ನೂರಕ್ಕೆ 10 ಬಡ್ಡಿ, ಏಳು ವರ್ಷ, ವರ್ಷಕ್ಕೆ ಕಂತು ಹತ್ರ ಹತ್ರ 2.4 ಲಕ್ಷ. ಒಂದು ಬ್ಯಾಚ್‌ನಲ್ಲಿ 200 ಮರಿ ಸತ್ತು 4,800 ಉಳಿದು, ಸರಾಸರಿ 2.1 ಕಿಲೋ ತೂಗಿದ್ರೆ 10,080 ಕಿಲೋ. ಕೂಲಿ ಕಿಲೋಗೆ 7 ಅಂದ್ರೆ 70 ಸಾವಿರ ಚಿಲ್ಲರೆ. ವರ್ಷಕ್ಕೆ ಆರು ಬ್ಯಾಚ್ ಆದ್ರೆ 4.2 ಲಕ್ಷ, ಐದೇ ಆದ್ರೆ 3.5 ಲಕ್ಷ. ಐದರ ಲೆಕ್ಕದಲ್ಲಿ ಕಂತು ಕಳೆದ್ರೆ 1.1 ಲಕ್ಷ ಉಳೀತು. ಅದರಲ್ಲಿ ಕರೆಂಟು, ಭತ್ತದ ಹೊಟ್ಟು, ಚಳಿಗಾಲದಲ್ಲಿ ಮರಿಗೆ ಕಾವು ಕೊಡೋ ಖರ್ಚು, ಆಳಿನ ಕೂಲಿ. ಗೊಬ್ಬರ ಮಾರಿ ಒಂದಿಷ್ಟು ಬರುತ್ತೆ, ಅಡಿಕೆ ತೋಟದವರು ಕೇಳ್ಕೊಂಡು ಬರ್ತಾರೆ. ಗಂಡ ಹೆಂಡತಿ ರಾತ್ರಿ ಹಗಲು ಶೆಡ್ಡಲ್ಲೇ ಇದ್ದದ್ದಕ್ಕೆ ಕೂಲಿ ಬರೆದ್ರೆ ಏನು ಉಳೀತು ಅಂತ ನೀವೇ ನೋಡಿ.

ಐದು ಬ್ಯಾಚೋ ಆರೋ ಅಂತ ನಿರ್ಧಾರ ಮಾಡೋದು ಯಾರು? ಕಂಪನಿ. ಮಾರುಕಟ್ಟೆ ಬಿದ್ರೆ ಮರಿ ಹಾಕೋದು ತಡ ಮಾಡ್ತಾರೆ, ಎತ್ತೋದೂ ತಡ ಮಾಡ್ತಾರೆ. ರೇಟು ಬಿದ್ದ ನಷ್ಟ ನಮಗಿಲ್ಲ ಅಂತಾರಲ್ಲ, ಅದು ಈ ಖಾಲಿ ದಿನಗಳ ಮೂಲಕ ನಮ್ಮ ಹತ್ರ ಬರುತ್ತೆ. ಕೂಲಿಯೂ ಎಲ್ಲರಿಗೂ ಒಂದೇ ಅಲ್ಲ. ಒಂದು ಕಿಲೋ ತೂಕಕ್ಕೆ ಎಷ್ಟು ಫೀಡು ತಿಂತು, ಎಷ್ಟು ಸತ್ತವು ಅನ್ನೋದರ ಮೇಲೆ ಏರಿಳಿತ. ಮರಿ ಕಳಪೆ ಬಂದ್ರೆ, ಫೀಡಲ್ಲಿ ಬೂಸ್ಟು ಇದ್ರೆ ಅದೂ ಸಾಕಿದವನ ಲೆಕ್ಕಕ್ಕೇ ಬೀಳುತ್ತೆ.

ಇನ್ನು ಆ ಒಂದು ಬ್ಯಾಚ್ ತಿಂದ ಮೇವು? ಕಿಲೋಗೆ 1.6 ಕಿಲೋ ಫೀಡು ಅಂದ್ರೆ 16 ಟನ್. ಅದರಲ್ಲಿ ಮೆಕ್ಕೆಜೋಳ ನೂರಕ್ಕೆ 60 ಹಿಡಿದ್ರೆ 97 ಕ್ವಿಂಟಲ್. ನಮ್ಮ ಮಳೆ ಆಶ್ರಯದ ನಾಲ್ಕೈದು ಎಕರೆ ಬೆಳೆ. ನಮ್ಮ ಯಾರ್ಡಿನ ಮಾಲು ಫೀಡ್ ಮಿಲ್ಲಿಗೆ ಹೋಗಿ, ಚೀಲದಲ್ಲಿ ನಮ್ಮದೇ ಊರಿನ ಶೆಡ್ಡಿಗೆ ವಾಪಸ್ ಬರುತ್ತೆ. ಮಾರುವಾಗಲೂ ರೇಟು ನಮ್ಮದಲ್ಲ, ವಾಪಸ್ ಬಂದಾಗಲೂ ಅಲ್ಲ.

2020ರ ಫೆಬ್ರವರಿ ಮಾರ್ಚ್ ನೆನಪಿದೆಯಲ್ಲ. ಕೋಳಿಯಿಂದ ಕೊರೋನಾ ಬರುತ್ತೆ ಅಂತ ಯಾರೋ ಮೊಬೈಲಲ್ಲಿ ಸುಳ್ಳು ಹಬ್ಬಿಸಿದ್ರು. ರೇಟು ನೆಲ ಕಚ್ಚಿ, ಗೋಕಾಕ ಕಡೆ, ಬಂಗಾರಪೇಟೆ ಕಡೆ ಜೀವಂತ ಕೋಳಿನ ಗುಂಡಿ ತೋಡಿ ಹೂತರು. ಅದೇ ಮಾರ್ಚ್‌ನಲ್ಲಿ ನಮ್ಮ ಹರಿಹರ ತಾಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಬಂತು. ಕೋಳಿ ಸಾಕದವರು ಅಯ್ಯೋ ಪಾಪ ಅಂದ್ವಿ. ಸ್ವಲ್ಪ ದಿನದಲ್ಲೇ ಮೆಕ್ಕೆಜೋಳದ ರೇಟೂ ಕುಸೀತು. ಕೋಳಿ ಕೆಮ್ಮಿದ್ರೆ ನಮಗೆ ಜ್ವರ ಬರುತ್ತೆ ಅನ್ನೋದು ಆವತ್ತು ತುಂಬಾ ಜನಕ್ಕೆ ಅರ್ಥ ಆಯ್ತು. ಈಚೆಗೆ ಎಥನಾಲ್ ಫ್ಯಾಕ್ಟರಿಗಳು ಮೆಕ್ಕೆಜೋಳ ಎತ್ತೋಕೆ ಶುರು ಮಾಡಿದಾಗ ಎರಡನೇ ಗಿರಾಕಿ ಸಿಕ್ಕ ಅಂತ ಖುಷಿಪಟ್ವಿ. ಕೋಳಿಯವರು ರೇಟು ಜಾಸ್ತಿ ಆಯ್ತು, ಸುಂಕ ಇಲ್ಲದೆ ಹೊರದೇಶದಿಂದ ತರಿಸಿ ಅಂತ ದೆಹಲಿಗೆ ಹೋದ್ರು. ಅವರಿಗೆ ಹೋಗೋಕೆ ಸಂಘ ಇದೆ.

ಹಂಗಾದ್ರೆ ಶೆಡ್ ಕಟ್ಟಬಾರದಾ ಅಂತ ಕೇಳ್ತೀರಿ. ನಾನು ಹಂಗೆ ಹೇಳಲ್ಲ. ನಮ್ಮ ಊರಲ್ಲೇ ಕಾಂಟ್ರಾಕ್ಟ್ ಸಾಕಿ ಮಕ್ಕಳನ್ನ ಓದಿಸಿದವರು ಇದ್ದಾರೆ. ಆದರೆ ಒಬ್ಬೊಬ್ಬರೇ ಹೋಗಿ ಸಹಿ ಹಾಕಬೇಡಿ. ಕಟ್ಟೋರು ನಾಲ್ಕೈದು ಜನ ಇದ್ದೀರಿ, ಒಟ್ಟಿಗೆ ಕೂತು ಕರಾರು ಓದಿ. ಕನ್ನಡದಲ್ಲಿ ಕೊಡಿ ಅಂತ ಕೇಳಿ. ವರ್ಷಕ್ಕೆ ಕನಿಷ್ಠ ಎಷ್ಟು ಬ್ಯಾಚ್ ಅಂತ ಬರೆದಿದೆಯಾ, ಕೋಳಿ ಎತ್ತೋದು ತಡ ಆದ್ರೆ ಆ ದಿನಗಳ ಫೀಡು ಯಾರ ಲೆಕ್ಕ, ರೋಗ ಬಂದು ಕೊಲ್ಲಿಸಿದ್ರೆ ಸರ್ಕಾರದ ಪರಿಹಾರ ಕಂಪನಿಗೋ ನಿಮಗೋ, ತೂಕ ಮಾಡೋ ಕಾಟಾ ಎಲ್ಲಿದು. ಇಷ್ಟಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗೋ ತನಕ ಪಾಯ ತೋಡಬೇಡಿ. ಮೊಟ್ಟೆ ಕೋಳಿ ಮಾಡೋ ಯೋಚನೆ ಇರೋರು ಒಮ್ಮೆ ಹೊಸಪೇಟೆ ಕಡೆ ಹೋಗಿ ಅಲ್ಲಿನ ಸಾಕೋರ ಹತ್ರ ಮಾತಾಡ್ಕೊಂಡು ಬನ್ನಿ. ಬಂಡವಾಳ ಜಾಸ್ತಿ, ರಿಸ್ಕ್ ಜಾಸ್ತಿ, ಆದರೆ ಕೋಳಿ ನಿಮ್ಮದು. ಈಗ ಶಾಲೆ ಮೊಟ್ಟೆಯೂ ಇದೆ.

ಈಗಾಗಲೇ ಸಾಕ್ತಿರೋ ಇಬ್ಬರು ತಮ್ಮ ಬ್ಯಾಚ್‌ನ ಲೆಕ್ಕದ ಚೀಟಿ ನನಗೆ ಕೊಟ್ಟಿದ್ದಾರೆ. ಬೇರೆ ಬೇರೆ ಕಂಪನಿ. ಇನ್ನೂ ಎರಡು ಮೂರು ಚೀಟಿ ಸಿಕ್ಕರೆ ಹೆಸರು ತೆಗೆದು, ಫೀಡು, ಸಾವು, ತೂಕ, ಖಾಲಿ ದಿನ ಎಲ್ಲಾ ಪಕ್ಕ ಪಕ್ಕ ಇಟ್ಟು ಮುಂದಿನ ವಾರ ಹಾಕ್ತೀನಿ. ಇರೋರು ಫೋಟೋ ಕಳಿಸಿ.